ಚೌಕ ಚೌಕದ ಕಡಲು

ಉಬ್ಬರವಿಳಿತವನ್ನು ಲೆಕ್ಕದಲ್ಲಿ ಹಿಡಿಯುವ ಕೆಲಸಕ್ಕೆ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದರಲ್ಲೂ ಖಂಭಾತ್ ಕೊಲ್ಲಿಯೆಂದರೆ ತೀರದ ಮೋಹ. ಮಂಗಳೂರಿನಲ್ಲಿ ಸುಮಾರು ಒಂದೂವರೆ ಮೀಟರು ಏರಿಳಿಯುವ ಅರಬ್ಬಿ ಸಮುದ್ರವೇ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಕೊಲ್ಲಿಯ ದಡದಲ್ಲಿರುವ ಗುಜರಾತಿನ ಭಾವನಗರದ ಬಳಿ ಹತ್ತು ಮೀಟರಿನಷ್ಟು ಏರಿಳಿಯುತ್ತದೆ. ಅದೇ ದಡದ ಅಲಂಗ್‌ನಲ್ಲಿ ಒಡೆಯಲು ತಂದ ಹಳೇ ಹಡಗುಗಳು ದಡ ಹತ್ತುವುದೂ ಈ ದೊಡ್ಡ ಉಬ್ಬರದ ಬಲದಿಂದಲೇ.

ಈ ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟುವ ಕೆಲಸ ತಳದಿಂದ ಶುರು. ನಕ್ಷೆಯಲ್ಲಿರುವ ಆಳಗಳನ್ನು ತುಂಬಿ, ಕೊಲ್ಲಿಯನ್ನೆಲ್ಲ ಚೌಕಗಳಾಗಿ ಹಂಚುತ್ತೇನೆ. ಚೌಕದ ನಡುವೆ ನೀರಿನ ಮಟ್ಟ, ಅಂಚುಗಳಲ್ಲಿ ಹರಿವಿನ ವೇಗ. ಒಂದೊಂದು ಚೌಕಕ್ಕೂ ಗೊತ್ತಿರುವುದು ಅಕ್ಕಪಕ್ಕದ ಮನೆಗಳ ಸಮಾಚಾರವಷ್ಟೇ. ಪಕ್ಕದಲ್ಲಿ ಮಟ್ಟ ಹೆಚ್ಚಿದ್ದರೆ ನೀರು ಇತ್ತ ನುಗ್ಗುತ್ತದೆ. ತಳದ ಘರ್ಷಣೆ ಅದನ್ನು ತಡೆಯುತ್ತದೆ. ಭೂಮಿಯ ತಿರುಗುವಿಕೆ ಬಲಕ್ಕೆ ವಾಲಿಸುತ್ತದೆ. ಕಾಲದಲ್ಲಿ ಎಷ್ಟು ದೊಡ್ಡ ಹೆಜ್ಜೆ ಇಡಬಹುದೆಂಬುದಕ್ಕೆ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಗಣಿತಜ್ಞರು 1928ರಲ್ಲೇ ಕಟ್ಟಳೆ ಹಾಕಿಕೊಟ್ಟಿದ್ದಾರೆ. 40 ಮೀಟರು ಆಳದಲ್ಲಿ ಉಬ್ಬರದ ಅಲೆ ಸೆಕೆಂಡಿಗೆ 20 ಮೀಟರಿನಂತೆ ಓಡುತ್ತದೆ. ನೇರ ಲೆಕ್ಕದ ಕ್ರಮದಲ್ಲಿ ಚೌಕ 200 ಮೀಟರಿನದಾದರೆ ಹೆಜ್ಜೆ ಸುಮಾರು 7 ಸೆಕೆಂಡು ಮೀರುವಂತಿಲ್ಲ. ಮೀರಿದರೆ ಅಂಕಿಗಳು ಹುಚ್ಚೆದ್ದು ಹೋಗುತ್ತವೆ.

ಆಮೇಲೆ ತೆರೆದ ಕಡಲಿನ ಕಡೆಯ ಅಂಚಿನಲ್ಲಿ ಚಂದ್ರನ ಮುಖ್ಯ ಉಬ್ಬರವೊಂದನ್ನೇ ಕೊಡುತ್ತೇನೆ, 12 ಗಂಟೆ 25 ನಿಮಿಷಕ್ಕೊಮ್ಮೆ ಏರಿಳಿಯುವಂತೆ. ನಿಂತ ನೀರಿಗೆ ಹೀಗೆ ತಟ್ಟನೆ ಚಾಲನೆ ಸಿಕ್ಕಾಗ ಮೊದಮೊದಲು ಕೊಲ್ಲಿಯೆಲ್ಲ ಅಡ್ಡಾದಿಡ್ಡಿ ತುಳುಕುತ್ತದೆ. ತಳದ ಘರ್ಷಣೆ ಆ ಗಲಾಟೆಯನ್ನು ಅಡಗಿಸಿದ ಮೇಲೆ ನಿಜವಾದ ಲಯ ಕೂಡಿಬರುತ್ತದೆ. ಉತ್ತರಕ್ಕೆ ಹೋದಂತೆ ಕೊಲ್ಲಿ ಕಿರಿದಾಗುತ್ತದೆ, ಏರಿಕೆ ಹಿಗ್ಗುತ್ತದೆ.

ನಾನು ಕಾಯುವುದು ಇದರ ಮುಂದಿನದಕ್ಕೆ. ಆಳ ಕಡಿಮೆಯಿದ್ದಲ್ಲಿ ಅಲೆಯ ನೆತ್ತಿ ತಗ್ಗಿಗಿಂತ ಬೇಗ ಓಡುತ್ತದೆ. ನೀರಿನ ಮಟ್ಟದ ನುಣ್ಣಗಿದ್ದ ಗೆರೆ ಓರೆಯಾಗುತ್ತದೆ. ಬಿಡಿಸಿ ನೋಡಿದರೆ, ಅದರೊಳಗೆ ಸುಮಾರು 6 ಗಂಟೆ 12 ನಿಮಿಷದ ಇನ್ನೊಂದು ಅಲೆ! ಅದನ್ನು ಅಂಚಿನಲ್ಲಿ ನಾನು ಕೊಟ್ಟೇ ಇರಲಿಲ್ಲ. ಕೊಲ್ಲಿಯ ತಳವೇ ಅದನ್ನು ಹುಟ್ಟಿಸಿದೆ. ಒಳಬರುವ ಹರಿವಿನ ಜೋರು ಹೆಚ್ಚೋ ಹೊರಹೋಗುವುದರದು ಹೆಚ್ಚೋ ಎಂಬುದನ್ನು ತೀರ್ಮಾನಿಸುವಲ್ಲಿ ಈ ಸಣ್ಣ ಅಲೆಗೆ ದೊಡ್ಡ ಪಾಲಿದೆ. ಹೂಳು ಬಂದರಿನಲ್ಲಿ ತುಂಬುತ್ತದೋ ಕಡಲಿಗೆ ಮರಳುತ್ತದೋ ಎಂಬುದೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಈ ಕೆಲಸದ ಮೇಲೆ ನನಗಿರುವ ಪ್ರೀತಿಗೆ ಕಾರಣವೇ ಇದು. ಹಾಕಿದ್ದಷ್ಟನ್ನೇ ಹಿಂದಿರುಗಿಸುವ ಲೆಕ್ಕ ಬೇಸರ ತರಿಸುತ್ತದೆ. ಕೆಲವೇ ನಿಯಮಗಳನ್ನು ಪ್ರಾಮಾಣಿಕವಾಗಿ ಬರೆದುಕೊಟ್ಟರೆ, ನಾವು ಹೇಳಿಕೊಡದ ಸಂಗತಿಯನ್ನೂ ಈ ಲೆಕ್ಕ ನಮಗೇ ಕಲಿಸುತ್ತದೆ.