ಮಾಂಜ್ರಾ ದಂಡೆಯ ಡೇರೆಗಳು

ಬೀದರ್ ಜಿಲ್ಲೆಯಲ್ಲಿ ಡೇರೆ ಹಾಕಬೇಕೆಂದರೆ ಮೊದಲು ಮಣ್ಣು ನೋಡಬೇಕು. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಅಲ್ಲಿ ಕಬ್ಬಿಣದ ಗೂಟಕ್ಕೆ ಎಷ್ಟು ಹೊಡೆದರೂ ಗೂಟ ಬಾಗುತ್ತದೆ, ನೆಲ ಬಿಡುವುದಿಲ್ಲ. ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಎರೆಭೂಮಿ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅದು ಬಾಯಿ ಬಿಟ್ಟಿರುತ್ತದೆ. ಗೂಟ ಸಲೀಸಾಗಿ ಇಳಿಯುತ್ತದೆ, ರಾತ್ರಿ ಗಾಳಿ ಎದ್ದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಮಾಂಜ್ರಾ ಹೊಳೆಯ ಉಸುಕಿನಲ್ಲಂತೂ ಗೂಟದ ಮಾತೇ ಇಲ್ಲ. ಹಗ್ಗದ ತುದಿಗೆ ಎರಡು ಕೈಯಲ್ಲಿ ಎತ್ತುವಂಥ ಕಲ್ಲು ಕಟ್ಟಿ, ಮೊಣಕೈ ಆಳದ ಗುಂಡಿಯಲ್ಲಿ ಹೂತು, ಮೇಲೆ ಹಸಿ ಉಸುಕು ಹಾಕಿ ತುಳಿಯಬೇಕು. ಆಗ ಎಂಥ ಗಾಳಿಗೂ ಡೇರೆ ಅಲುಗುವುದಿಲ್ಲ. ಇದನ್ನು ನಾನು ಕಲಿತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಭಾಲ್ಕಿಯಲ್ಲಿ ಹೈಸ್ಕೂಲ್ ಓದುತ್ತ ಸ್ಕೌಟ್ ಆಗಿದ್ದಾಗ. ಮುಂದೆ ಔರಾದ್ ತಾಲ್ಲೂಕಿನಲ್ಲಿ ಮೇಷ್ಟ್ರಾದ ಮೇಲೆ ಮಕ್ಕಳಿಗೆ ಕಲಿಸಿದ್ದೂ ಇದನ್ನೇ.

ಈಗ ಬೀದರಿನಲ್ಲಿದ್ದೇನೆ. ಚಳಿ ಶುರುವಾದರೆ ಹಳೆಯ ವಿದ್ಯಾರ್ಥಿಗಳ ಫೋನ್ ಬರುತ್ತದೆ. "ಗುರುಜಿ, ಹೊಳಿ ಹತ್ರ ಒಂದ್ ರಾತ್ರಿ ಉಳೀಲಿಕ್ಕಿ ಶಾಂತ ಇದ್ದಂಥ ಜಾಗ ಹೇಳ್ರಿ. ಟೆಂಟ್ ನಮ್ಮ ಹತ್ರ ಅದಾವ." ಟೆಂಟ್ ಇದೆ, ಕಾರಿದೆ, ಊರೂರಿಗೆ ಡಾಂಬರು ರಸ್ತೆ ಇದೆ. ಹೇಳಲು ನನ್ನಲ್ಲಿ ಜಾಗ ಇಲ್ಲ. ಆಗ ಜಾಗವೊಂದೇ ಇತ್ತು, ಉಳಿದದ್ದು ಯಾವುದೂ ಇರಲಿಲ್ಲ.

ಮಾಂಜ್ರಾ ದೊಡ್ಡ ಹೊಳೆಯೇ. ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಲಾತೂರು ಸೀಮೆ ದಾಟಿ ನಮ್ಮ ಜಿಲ್ಲೆಗೆ ಬಂದು, ಇಲ್ಲಿ ಸುಮಾರು 155 ಕಿ.ಮೀ. ಹರಿದು ತೆಲಂಗಾಣಕ್ಕೆ ಹೋಗುತ್ತದೆ. ಒಟ್ಟು 724 ಕಿ.ಮೀ. ಓಡಿ ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಕರ್ನಾಟಕದ ಹೆಚ್ಚಿನ ನದಿಗಳು ಕೃಷ್ಣೆಯ ಕಡೆಗೋ ಕಾವೇರಿಯ ಕಡೆಗೋ ಹೋಗುವಾಗ ನಮ್ಮದು ಗೋದಾವರಿಯ ಹಾದಿ ಹಿಡಿದಿದೆ. ಬಂಡೆ, ಜಲಪಾತ, ದಟ್ಟ ಕಾಡು ಇದರ ದಂಡೆಯಲ್ಲಿಲ್ಲ. ಹೊರಳಿ ಹೊರಳಿ ಹರಿಯುವ ಹೊಳೆ, ಎರಡೂ ಕಡೆ ಎರೆಹೊಲ, ಜಾಲಿ, ನಡುನಡುವೆ ಹುಣಸೆ, ಬೇವು. ನೋಡಲು ಬರುವವರು ಕಡಿಮೆ ಇದ್ದುದರಿಂದಲೇ ಅದು ಉಳಿಯಲು ಒಳ್ಳೆಯ ಹೊಳೆಯಾಗಿತ್ತು.

ಶಿಬಿರ ಸುಗ್ಗಿಗೆ ಮೊದಲು, ಡಿಸೆಂಬರ್‌ನಲ್ಲಿ ನಡೆಯುತ್ತಿತ್ತು. ಕ್ಯಾನ್ವಾಸ್ ಡೇರೆಗಳು ಖಾಕಿ ಬಣ್ಣದವು, ಮೇಣ ಮತ್ತು ಹಳೆಯ ಮಳೆಯ ವಾಸನೆ ಹೊಡೆಯುತ್ತಿದ್ದವು. ಒಂದು ಡೇರೆ ಹೊರಲು ನಾಲ್ವರು ಹುಡುಗರು ಬೇಕು. ಬಸ್ಸಿನ ಮೇಲೆ ಹಾಕಿ, ಬಸ್ಸು ನಿಂತಲ್ಲಿಂದ ಎತ್ತಿನ ಬಂಡಿಯಲ್ಲಿ ಹೇರಿ ಹೊಳೆಗೆ ಒಯ್ಯಬೇಕು. ಜಾಗಕ್ಕೆ ಅರ್ಜಿ, ಬಾಡಿಗೆ, ಪರವಾನಿಗೆ ಎಂಬುದು ಇರಲಿಲ್ಲ. ಊರ ಹಿರಿಯರನ್ನು ಕೇಳಬೇಕು, ಅವರು ಬಂದು ತೋರಿಸಿದಲ್ಲಿ ಹಾಕಬೇಕು. ಒಮ್ಮೆ ನಮ್ಮ ಸ್ಕೌಟ್ ಮಾಸ್ತರು ಹೊಳೆಯ ತಿರುವಿನಲ್ಲಿ ನುಣ್ಣಗೆ ಹರಡಿದ್ದ ಉಸುಕಿನ ದಿನ್ನೆ ಆರಿಸಿದಾಗ ಮುದುಕರೊಬ್ಬರು ಬಂದು ನಿಂತರು. "ಎಲ್ಲಿ ಹಾಕ್ಲತ್ತೀರಿ ಮಾಸ್ತರ? ಅಲ್ಲಿ ಬ್ಯಾಡ್ರಿ. ಅಲ್ನೋಡ್ರಿ, ಜಾಲಿ ಟೊಂಗಿಗಿ ಕಸ ಸಿಕ್ಕಾದ." ತಲೆಯೆತ್ತಿ ನೋಡಿದರೆ ನಮ್ಮ ಎರಡಾಳು ಎತ್ತರದಲ್ಲಿ, ಜಾಲಿಯ ಕೊಂಬೆಗೆ ಕಣಿಕೆಯ ಚೂರು, ಹರಿದ ಚೀಲ ಸಿಕ್ಕಿಕೊಂಡಿದ್ದವು. ಮಳೆಗಾಲದ ನೀರು ಏರಿದ ಗುರುತು ಅದು. ಅಂದಿನಿಂದ ಹೊಳೆ ಕಂಡಲ್ಲೆಲ್ಲ ನಾನು ಮೊದಲು ನೋಡುವುದು ಗಿಡದ ಕೊಂಬೆಯನ್ನು.

ಕುಡಿಯುವ ನೀರಿಗೆ ಉಸುಕಿನಲ್ಲಿ ಒರತೆ ತೆಗೆಯುತ್ತಿದ್ದೆವು. ಹರಿವ ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೈಯಿಂದ ತೋಡಿದರೆ ಮೊದಲು ಕದಡು ನೀರು ಬರುತ್ತದೆ. ಅದನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಬೇಕು. ಮತ್ತೆ ಬಂದದ್ದನ್ನೂ ಚೆಲ್ಲಬೇಕು. ಮೂರನೆಯ ಸಲ ತಳದ ಉಸುಕಿನ ಕಣ ಎಣಿಸುವಷ್ಟು ತಿಳಿಯಾಗಿ ನೀರು ನಿಲ್ಲುತ್ತದೆ. ಆದರೂ ಮಾಸ್ತರು ಅದನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕುದಿಸದೆ ಕೊಡುತ್ತಿರಲಿಲ್ಲ. ಆ ಕಾಲಕ್ಕೆ ಹೈದರಾಬಾದ್ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಇತ್ತು. ಮೆಟ್ಟಿಲು ಬಾವಿಯಲ್ಲಿ ರೋಗಿ ಕಾಲಿಟ್ಟರೆ ಹುಳು ನೀರಿಗೆ ಮರಿ ಬಿಡುತ್ತದೆ, ಆ ನೀರು ಕುಡಿದವರ ಮೈಯಿಂದ ವರ್ಷದ ಮೇಲೆ ಮೊಳದುದ್ದದ ಹುಳು ಹೊರಗೆ ಬರುತ್ತದೆ. ನಮ್ಮ ದಳದಲ್ಲೇ ಒಬ್ಬನ ಕಣಕಾಲಿನಲ್ಲಿ ಅದರ ಕಲೆ ಇತ್ತು. ಭಾರತ ಆ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದ್ದು 2000ರಲ್ಲಿ. ಹಳೆಯ ಕಾಲದ ನೀರು ಅಮೃತವಾಗಿತ್ತು ಎನ್ನುವವರ ಮಾತು ನನಗೆ ಸೇರುವುದಿಲ್ಲ.

ಇನ್ನೂ ಕೆಲವು ಮಾತು ಬಿಚ್ಚಿ ಹೇಳಬೇಕು. ದಳಗಳನ್ನು ಮಾಸ್ತರು ಚೀಟಿ ಎತ್ತಿ ಮಾಡುತ್ತಿದ್ದರು. ಹೀಗಾಗಿ ಎಲ್ಲ ಜಾತಿಯ ಹುಡುಗರು ಒಂದೇ ಪಾತ್ರೆಯ ಬ್ಯಾಳಿ, ಒಂದೇ ಒಲೆಯ ರೊಟ್ಟಿ ತಿನ್ನಬೇಕಾಗುತ್ತಿತ್ತು. ಸುದ್ದಿ ಊರಿಗೆ ಮುಟ್ಟಿ, ಒಬ್ಬಿಬ್ಬರು ತಂದೆಯರು ಬಂದು ಮಗನ ಹಾಸಿಗೆ ಸುತ್ತಿಕೊಂಡು ಹೋದದ್ದನ್ನು ನೋಡಿದ್ದೇನೆ. ಊರಿನಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಬರುತ್ತಿದ್ದವು. ಇಸಿದುಕೊಳ್ಳಲು ಹೋದಾಗ ಕೆಲವರನ್ನು ಅಂಗಳಕ್ಕೆ ಕರೆಯುತ್ತಿದ್ದರು, ಕೆಲವರಿಗೆ ಹೊರಗೇ ಕೊಡುತ್ತಿದ್ದರು. ಹುಡುಗಿಯರಂತೂ ಹಗಲು ಬಂದು ಸಂಜೆಯ ಬಸ್ಸಿಗೆ ವಾಪಸು. ಶಿಬಿರಾಗ್ನಿಯ ಹಾಡು, ನಾಟಕ ಅವರು ನೋಡಲೇ ಇಲ್ಲ. ಗೈಡ್ಸ್ ಎಂಬ ಹೆಸರು ಶಾಲೆಯ ವಹಿಯಲ್ಲಿತ್ತು, ರಾತ್ರಿಯ ಆಕಾಶ ಗಂಡು ಹುಡುಗರದಾಗಿತ್ತು. ಇಂದು ಎನ್‌ಎಸ್‌ಎಸ್ ಶಿಬಿರಗಳಲ್ಲಿ ಹುಡುಗಿಯರು ವಾರವಿಡೀ ಹಳ್ಳಿಯಲ್ಲೇ ಉಳಿಯುತ್ತಾರೆ, ಗ್ರಾಮಸಭೆಯಲ್ಲಿ ಮಾತಾಡುತ್ತಾರೆ. ಅವರು ಮಲಗುವುದು ಶಾಲೆಯ ಕೋಣೆಯಲ್ಲಿ, ನಿಜ. ಆದರೂ ಆಗಿನದಕ್ಕಿಂತ ಇದು ನೂರು ಪಾಲು ಮೇಲು ಎಂದೇ ನಾನು ತಿಳಿದಿದ್ದೇನೆ.

ಬೀದರ್ ನಗರದವರಿಗೆ ಹೊಳೆ ದೂರ. ಅವರ ಶಿಬಿರ ಝರಿಗಳ ಹತ್ತಿರ ನಡೆಯುತ್ತಿತ್ತು. ಜಂಬಿಟ್ಟಿಗೆ ಮಳೆನೀರನ್ನು ಹೀರಿಕೊಂಡು, ಕೆಳಗಿನ ಗಟ್ಟಿ ಪದರ ಸಿಕ್ಕಲ್ಲಿ ದಿಬ್ಬದ ಅಂಚಿನಿಂದ ಹೊರಗೆ ಬಿಡುತ್ತದೆ. ಪಾಪನಾಶ, ನರಸಿಂಹ ಝರಣಿ, ಗುರುನಾನಕ್ ಝೀರಾ ಎಲ್ಲ ಅಂಥವೇ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ಕೂಡ ಇದೇ ನೀರನ್ನು ನೆಚ್ಚಿ ತೋಡಿದ್ದು. ಆ ದಿಬ್ಬದ ಅಂಚಿನಲ್ಲಿ ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಡೇರೆಯ ಕೆಳಗೆ ಕಣಿಕೆ, ಅದರ ಮೇಲೆ ಸತರಂಜಿ ಹಾಸಿದರೂ ನೆಲದ ಥಂಡಿ ಎಲುಬಿಗೆ ಹತ್ತುತ್ತಿತ್ತು.

ಶಾಲೆಯ ಮಕ್ಕಳಷ್ಟೇ ಡೇರೆಯಲ್ಲಿ ಇರುತ್ತಿದ್ದರು ಎಂದಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಮಹಾರಾಷ್ಟ್ರ, ತೆಲಂಗಾಣದಿಂದ ಬಂದ ಮಂದಿ ಬಂಡಿಯ ನೊಗಕ್ಕೆ ಕೌದಿ ಕಟ್ಟಿ ಅದರಡಿ ಮಲಗುತ್ತಿದ್ದರು. ಔರಾದಿನ ಅಮರೇಶ್ವರ ಜಾತ್ರೆಗೆ ಶಿವರಾತ್ರಿ ಹೊತ್ತಿಗೆ ದೇವಣಿ ಎತ್ತು ಹೊಡೆದುಕೊಂಡು ಬಂದವರು ಎತ್ತಿನ ಪಕ್ಕದಲ್ಲೇ ಬಿಡಾರ ಮಾಡುತ್ತಿದ್ದರು. ಕುರುಬರು ಹೊಲದಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಬದಲು ಜೋಳ ಇಸಿದುಕೊಂಡು ಹೊಳೆಗುಂಟ ಮುಂದೆ ಹೋಗುತ್ತಿದ್ದರು. ಹೊಳೆದಂಡೆಯಲ್ಲಿ ರಾತ್ರಿ ಉಳಿಯುವುದು ಯಾರಿಗೂ ವಿಶೇಷವಾಗಿ ಕಾಣುತ್ತಿರಲಿಲ್ಲ. ಹೀಗಾಗಿ ಹಳ್ಳಿಯವರು ನಮ್ಮನ್ನೂ ಅನುಮಾನದಿಂದ ನೋಡಲಿಲ್ಲ.

ದಂಡೆ ಹೋದದ್ದು ಒಂದೇ ದಿನದಲ್ಲಲ್ಲ, ಒಬ್ಬರಿಂದಲೂ ಅಲ್ಲ. ಮಾಂಜ್ರಾದ ಉಪನದಿ ಕಾರಂಜಾಕ್ಕೆ ಬ್ಯಾಲಹಳ್ಳಿಯಲ್ಲಿ 7.69 ಟಿಎಂಸಿ ಅಡಿಯ ಜಲಾಶಯ ಬಂತು. ಹಿಂದಿನಿಂದ ಮಾಂಜ್ರಾಕ್ಕೇ ಅಡ್ಡವಾಗಿ ಬ್ಯಾರೇಜುಗಳು ಎದ್ದವು. ಇವು ಬೇಕಾಗಿದ್ದವು, ಬರಗಾಲದಲ್ಲಿ ಔರಾದ್ ತಾಲ್ಲೂಕಿನಿಂದ ಗುಳೆ ಹೋದ ತಾಂಡಾಗಳನ್ನು ನೋಡಿದವರು ಇವನ್ನು ಬೇಡ ಎನ್ನಲಾರರು. ಆದರೆ ಬ್ಯಾರೇಜಿನ ಹಿನ್ನೀರು ನಿಂತಲ್ಲಿ ಉಸುಕಿನ ದಿನ್ನೆ ಮುಳುಗಿತು. ನೀರು ನಿಂತಿತೆಂದು ಪಂಪ್‌ಸೆಟ್ ಬಂದವು, ಪಂಪ್‌ಸೆಟ್ ಹಿಂದೆ ಕಬ್ಬು ಬಂತು. ಕಬ್ಬಿನ ಸಾಲು ದಂಡೆಯ ಅಂಚಿಗೇ ಬಂದು ನಿಂತಿತು. ಬಂಡಿ ಇಳಿಯುತ್ತಿದ್ದ ದಾರಿಗಳಲ್ಲಿ ಈಗ ತಂತಿ ಬೇಲಿ, ಪೈಪು. ಮುಳುಗದೆ ಉಳಿದ ಉಸುಕನ್ನು ಟ್ರ್ಯಾಕ್ಟರುಗಳು ರಾತ್ರೋರಾತ್ರಿ ಹೊತ್ತವು. ಒರತೆ ತೋಡುತ್ತಿದ್ದ ಜಾಗದಲ್ಲಿ ಈಗ ಕೈ ಹಾಕಿದರೆ ಕಪ್ಪು ಕೆಸರು ಬರುತ್ತದೆ.

ಹೊಳೆಯ ನಡತೆಯೂ ಬದಲಾಗಿದೆ. 2016ರ ಏಪ್ರಿಲ್‌ನಲ್ಲಿ ಮೇಲಿನ ಧನೇಗಾಂವ ಜಲಾಶಯ ಬತ್ತಿ, ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಅದೇ ವರ್ಷ ಮಳೆಗಾಲದ ಕೊನೆಗೆ ಅದೇ ಜಲಾಶಯ ತುಂಬಿ, ಕೆಳಗಿನ ನಮ್ಮ ಹೊಳೆ ದಂಡೆ ಮೀರಿತು. ಹಿಂದೆ ಮೋಡ ನೋಡಿ ಹೊಳೆ ಏರುವುದನ್ನು ಹೇಳುತ್ತಿದ್ದರು. ಈಗ ನಮ್ಮ ತಲೆಯ ಮೇಲೆ ನಕ್ಷತ್ರ ಕಾಣುತ್ತಿರುವಾಗಲೇ ಮೇಲೆಲ್ಲೋ ಗೇಟು ಎತ್ತಿದರೆ ನೀರು ಬರುತ್ತದೆ. ಮಳೆಗಾಲ ಮುಗಿದಿದೆ ಎಂದು ಅಕ್ಟೋಬರ್‌ನಲ್ಲಿ ತಗ್ಗಿಗೆ ಡೇರೆ ಹಾಕುವವರು ಇದನ್ನು ತಿಳಿದಿರಬೇಕು. ಮುದುಕರ ಜಾಲಿ ಕೊಂಬೆಯ ಪಾಠ ಇನ್ನೂ ನಡೆಯುತ್ತದೆ, ಆದರೆ ಅದೊಂದೇ ಸಾಲದು.

ಡೇರೆಗಳು ಮಾತ್ರ ನಿಜಕ್ಕೂ ಸುಧಾರಿಸಿವೆ. ನೈಲಾನ್ ಡೇರೆಯನ್ನು ಒಬ್ಬ ಹುಡುಗಿ ಬೆನ್ನಿಗೆ ಹಾಕಿಕೊಂಡು ನಡೆಯಬಹುದು. ಅದರ ತೆಳುವಾದ ಗೂಟಗಳು ನಮ್ಮ ಎರೆಭೂಮಿಗೆ ಆಗುವುದಿಲ್ಲ. ಭಾಲ್ಕಿಯ ಕಮ್ಮಾರರ ಹತ್ತಿರ ಒಂದೂವರೆ ಅಡಿಯ ಸರಳು ಮಾಡಿಸಿಕೊಂಡರೆ ಸರಿಯಾಗುತ್ತದೆ. ಹೊಳೆಯ ಹತ್ತಿರ ಚಳಿಯ ರಾತ್ರಿ ಒಳಗಿನ ಉಸಿರೇ ನೀರಾಗಿ ತಲೆಯ ಮೇಲೆ ತೊಟ್ಟಿಕ್ಕುತ್ತದೆ, ಆದ್ದರಿಂದ ಕಿಟಕಿ ಮುಚ್ಚಬಾರದು. ಎರೆಯ ಬಿರುಕಿನಲ್ಲಿ ಚೇಳು, ಕೊಳಕುಮಂಡಲ ಇರುವುದು ಅಂದಿಗೂ ಇಂದಿಗೂ ಒಂದೇ. ಅಡಿಭಾಗ ಹೊಲಿದ ಈಗಿನ ಡೇರೆ ಅದಕ್ಕೆ ಒಳ್ಳೆಯ ಕಾವಲು.

ಹಾಗಾದರೆ ಎಲ್ಲಿ ಹಾಕುವುದು? ಬೀದರ್ ಹತ್ತಿರ ವಿಲಾಸಪುರ ಕೆರೆಯ ದಂಡೆಯಲ್ಲಿ ಜಂಗಲ್ ಲಾಡ್ಜಸ್‌ನ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಕೃಷ್ಣಮೃಗ ನೋಡಲು ಬರುವವರಿಗೆ ಚೆನ್ನಾದ ಜಾಗ. ಶನಿವಾರ ಭಾನುವಾರ ಹೈದರಾಬಾದಿನವರು ಬರುತ್ತಾರೆ. ಆದರೆ ಔರಾದಿನ ಸರ್ಕಾರಿ ಶಾಲೆಯ ಮೂವತ್ತು ಮಕ್ಕಳಿಗೆ ಆ ಖರ್ಚು ಕೈಗೆಟುಕುವುದಿಲ್ಲ. ಅರಣ್ಯ ಇಲಾಖೆಯ ದೇವ ದೇವ ವನ ಹಗಲು ತಿರುಗಾಡುವ ಜಾಗ. ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ. ಅಲ್ಲಿ ನಮ್ಮಷ್ಟಕ್ಕೆ ನಾವು ಡೇರೆ ಹಾಕುವಂತಿಲ್ಲ, ಹಾಕಬಾರದು ಕೂಡ. ಜಾತ್ರೆಯ ಬಯಲಿನಲ್ಲಿ ಜಾತ್ರೆ ಬಿಟ್ಟರೆ ನೀರಿನ ಸೌಕರ್ಯವಿಲ್ಲ. ಹೊಳೆಯ ಹತ್ತಿರ ಸಾಮಾನ್ಯರಿಗೆ ಒಂದು ರಾತ್ರಿ ನೆಲ ಸಿಗುವ ಸಣ್ಣ ತಾಣ ಭಾಲ್ಕಿಯಲ್ಲೂ ನಾನು ಕಾಣೆ, ಔರಾದಿನಲ್ಲೂ ಕಾಣೆ.

ಇಂದು ಮಾಂಜ್ರಾ ದಂಡೆಯ ಹೊಲಗಳಲ್ಲಿ ತಿಂಗಳುಗಟ್ಟಲೆ ಡೇರೆಯಲ್ಲಿ ಇರುವವರು ಕಬ್ಬು ಕಡಿಯಲು ಬರುವ ಟೋಳಿಗಳು. ಹುಂಜಿ, ಇಮಾಂಪುರ ಕಡೆಯ ಕಾರ್ಖಾನೆಗಳಲ್ಲಿ ಕಬ್ಬು ಅರೆಯಲು ಶುರುವಾಗುವ ಹೊತ್ತಿಗೆ ಬಿದಿರಿನ ಕಮಾನಿನ ಮೇಲೆ ನೀಲಿ ತಾಡಪತ್ರಿ ಹೊದಿಸಿದ ಕೊಪ್ಪಿಗಳು ಸಾಲಾಗಿ ಏಳುತ್ತವೆ. ಒಳಗೆ ಒಂದು ಟ್ರಂಕು, ಹಾಸಿಗೆಯ ಗಂಟು, ಸೀರೆಯ ಜೋಳಿಗೆಯಲ್ಲಿ ಕೂಸು. ಬಾಗಿಲಲ್ಲಿ ಮೂರು ಕಲ್ಲಿನ ಒಲೆ, ತೊಗರಿ ಕಟ್ಟಿಗೆ. ಬೆಳಗಿನ ಜಾವ ನಾಲ್ಕಕ್ಕೆ ಗಂಡ ಹೆಂಡತಿ ಇಬ್ಬರೂ ಕೋಯ್ತಾ ಹಿಡಿದು ಹೊಲಕ್ಕೆ ಇಳಿದರೆ ದೊಡ್ಡ ಮಗಳು ಶಾಲೆ ಬಿಟ್ಟು ಚಿಕ್ಕವರನ್ನು ನೋಡಿಕೊಳ್ಳುತ್ತಾಳೆ. ನೀರು ಹೊಲದ ಪಂಪಿನದು, ಕರೆಂಟ್ ಇದ್ದರೆ ಉಂಟು. ಹೆಂಗಸರು ಸಂಡಾಸಿಗೆ ಕತ್ತಲಾಗುವುದನ್ನು ಕಾಯಬೇಕು. ಹೊಳೆಯ ಹತ್ತಿರದ ಬಯಲು ವಾಸದ ಬಗ್ಗೆ ಬರೆಯುವಾಗ ಇವರನ್ನು ಬಿಟ್ಟು ಬರೆದರೆ ಅದು ಸುಳ್ಳು ಬರಹ.

ನಾನು ಹೋದಲ್ಲೆಲ್ಲ ಒಂದು ಮಾತು ಹೇಳುತ್ತ ಬಂದಿದ್ದೇನೆ. ಹೊಳೆಗೆ ಹೊಂದಿದ ಪ್ರತಿ ಹೋಬಳಿಯಲ್ಲಿ, ನೆರೆಯ ಗುರುತಿಗಿಂತ ಮೇಲೆ, ಅರ್ಧ ಎಕರೆ ಸರ್ಕಾರಿ ಜಾಗ ಹುಡುಕಬೇಕು. ಬೇವು, ಹುಣಸೆ ಹಚ್ಚಬೇಕು. ಒಂದು ಬೋರ್‌ವೆಲ್, ಎರಡು ಸಂಡಾಸು, ನೆಲ ಸಮ ಮಾಡಿದ ಡೇರೆ ಕಟ್ಟೆಗಳು, ಮೇಲಿನ ಗೇಟು ಎತ್ತಿದರೆ ಪಂಚಾಯಿತಿಯಿಂದ ಕೂಗಿ ಹೇಳುವ ಮೈಕು. ಕಾರಂಜಿ, ಜಾರುಬಂಡೆ, ಸೆಲ್ಫಿ ಪಾಯಿಂಟು ಬೇಡ. ಶಾಲೆಗೆ ಬಿಟ್ಟಿ, ಬೇರೆಯವರಿಗೆ ಸಣ್ಣ ಬಾಡಿಗೆ. ಔರಾದ್ ಕಡೆಯ ಒಂದು ಊರಿನಲ್ಲಿ ಇದನ್ನು ಹೇಳಿದಾಗ ಪಂಚಾಯಿತಿಯ ಸದಸ್ಯೆಯೊಬ್ಬರು ಎದ್ದು ಕೇಳಿದರು: "ಹೌದ್ರಿ ಗುರುಜಿ, ಕಬ್ಬ ಕಡಿಯೋರು ಬರೋದೂ ಅದೇ ಹೊತ್ತಿನಾಗ. ಅವರ ಕೊಪ್ಪಿ ಅಲ್ಲೇ ಹಾಕಸ್ರಿ. ಸಂಡಾಸ ಎರಡ್ ಸಾಲೂದಿಲ್ಲ, ಆರ್ ಕಟ್ಟಸ್ರಿ." ಶಾಲೆಯ ಶಿಬಿರಕ್ಕೆ ಡಿಸೆಂಬರ್‌ನ ಒಂದು ವಾರ ಸಾಕು, ಕಬ್ಬಿನ ಹಂಗಾಮು ಐದು ತಿಂಗಳು. ಜಾಗವನ್ನು ಅವರ ಲೆಕ್ಕದಲ್ಲೇ ಕಟ್ಟಬೇಕು, ಮಕ್ಕಳಿಗೆ ಅದರಲ್ಲೊಂದು ಮೂಲೆ ಕೊಟ್ಟರಾಯಿತು. ಈಗ ನಾನು ಆರು ಸಂಡಾಸು ಎಂದೇ ಅರ್ಜಿ ಬರೆಯುತ್ತಿದ್ದೇನೆ.