ಮಾವ ಕೇಳಿದ ಕಲ್ಯಾಣಿ

2001ರ ಮೇ ತಿಂಗಳಲ್ಲಿ ನನ್ನ ಅಕ್ಕನ ಮದುವೆಯಾಯಿತು. ನಮ್ಮದು ಕುಂಬಳೆ ಸೀಮೆ. ಸೋದರಮಾವ ನಾಗಸ್ವರ ನುಡಿಸುವವರು. ಅಜ್ಜನ ಕಾಲದಿಂದಲೂ ಊರಿನ ದೇವಸ್ಥಾನದ ವಾಲಗ ಅವರ ಮನೆಯದು. ಹಾಗಿರುವಾಗ ಮದುವೆಯ ವಾಲಗಕ್ಕೆ ಯಾರನ್ನು ಹೇಳುವುದು ಎಂಬ ಪ್ರಶ್ನೆಯೇ ಏಳಬಾರದಿತ್ತು. ಆದರೆ ಗಂಡಿನ ಕಡೆಯವರು ಮಂಗಳೂರು ಪೇಟೆಯವರು. "ಸ್ಯಾಕ್ಸೋಫೋನ್ ಇರಲಿ, ಈಗ ಎಲ್ಲ ಕಡೆ ಅದೇ ಅಲ್ವಾ?" ಎಂದರು. ಅಪ್ಪ ಇರಲಿಲ್ಲ. ಬ್ಯಾಂಕಿಗೆ ಸೇರಿ ಎರಡು ವರ್ಷವಾಗಿದ್ದ ನಾನೇ ಯಜಮಾನ. ಆಗಲಿ ಎಂದೆ. ಅಡ್ವಾನ್ಸ್ ಕೊಟ್ಟು ಬಂದೆ. ಮಾವನಿಗೆ ನಾನಾಗಿ ಹೇಳಲಿಲ್ಲ, ಅಮ್ಮನ ಬಾಯಿಯಿಂದ ಹೇಳಿಸಿದೆ.

ಮಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಶಲ್ಯ. ಸಭಾಭವನದ ಮುಂದಿನ ಸಾಲಿನಲ್ಲಿ, ವಾದ್ಯದವರಿಗೆ ಎದುರಾಗಿ ಕುಳಿತರು. ನುಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಧಾರೆಗೆ ಮೊದಲು ಕಲ್ಯಾಣಿ ಎತ್ತಿಕೊಂಡ. ಮಾವ ಕಣ್ಣು ಮುಚ್ಚಿ ಕುಳಿತದ್ದನ್ನು ನಾನು ಕಂಡೆ. ಅವಮಾನವನ್ನು ನುಂಗಿಕೊಳ್ಳುತ್ತಿದ್ದಾರೆ ಎಂದೇ ನನ್ನ ತೀರ್ಮಾನ. ನೋಡಲಾಗದೆ ಕೈಹಿಡಿದು ಎಬ್ಬಿಸಿ, "ಮಾವ, ಮೊದಲ ಪಂಕ್ತಿಗೇ ಕುಳಿತುಬಿಡಿ" ಎಂದು ಊಟಕ್ಕೆ ಕರೆದುಕೊಂಡು ಹೋದೆ. ಆಮೇಲೆ ಆ ವಿಷಯವನ್ನು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ.

ಸ್ಯಾಕ್ಸೋಫೋನ್ ನಮ್ಮ ಕಡೆಯ ಚಪ್ಪರಕ್ಕೆ ಬಂದ ದಾರಿ ಓದುಗರಿಗೆ ತಿಳಿಯದ್ದಲ್ಲ. 1840ರ ದಶಕದಲ್ಲಿ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ವಾದ್ಯ. ಪಟ್ಟಾಳದ ಬ್ಯಾಂಡುಗಳಿಗೆ ಹೋಯಿತು, ಅಮೆರಿಕದಲ್ಲಿ ಜಾಝ್‌ನವರ ಕೈಗೆ ಸಿಕ್ಕಿತು. ನಮ್ಮ ಮೈಸೂರು ಅರಮನೆಯ ಬ್ಯಾಂಡಿಗೂ ಬಂತು. ಅಲ್ಲಿ ಅದನ್ನು ಕೇಳಿ ಮರುಳಾದವರು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ. ನಾಗಸ್ವರದ ತೂತು ತೆರೆದಿರುತ್ತದೆ. ಬೆರಳನ್ನು ಅರ್ಧ ಸರಿಸಿದರೆ ಗಮಕ ಹುಟ್ಟುತ್ತದೆ. ಸ್ಯಾಕ್ಸೋಫೋನಿನಲ್ಲಿ ತೂತಿಗೂ ಬೆರಳಿಗೂ ನಡುವೆ ಮುಚ್ಚಳ, ಕೀಲಿ. ಒತ್ತಿದರೆ ಸ್ವರ, ಬಿಟ್ಟರೆ ಇನ್ನೊಂದು ಸ್ವರ. ಆ ಎರಡರ ನಡುವಿನ ಜಾರು ದಾರಿಯನ್ನು ತುಟಿಯಿಂದ, ಉಸಿರಿನಿಂದ, ವಾದ್ಯವನ್ನೇ ಅಲ್ಲಲ್ಲಿ ತಿದ್ದಿಸಿಕೊಂಡು ಗೋಪಾಲನಾಥರು ಸಾಧಿಸಿದರು. ವರ್ಷಗಟ್ಟಲೆ ಹಿಡಿದ ಕೆಲಸ. 1994ರಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ. ಆ ಹೊತ್ತಿಗೆ ನಮ್ಮಲ್ಲಿ ಅವರ ಕ್ಯಾಸೆಟ್ಟು ಹಾಕದ ಮದುವೆಯೇ ಕಡಿಮೆ. ಮಾವನಂಥವರಿಗೆ ಬರುತ್ತಿದ್ದ ಹೇಳಿಕೆಗಳೂ ಹಾಗೆಯೇ ಕಡಿಮೆಯಾಗುತ್ತ ಬಂದವು.

ಅದೇ ಮದುವೆಯ ಭಾವ ಮುಂದೆ ಕೆಲಸದ ಮೇಲೆ ಅಮೆರಿಕಕ್ಕೆ ಹೋದರು. 2010ರಲ್ಲಿ ರಜೆಗೆ ಬಂದಾಗ ನನಗೊಂದು ಸಿ.ಡಿ. ತಂದುಕೊಟ್ಟರು. ಹೆಸರು 'ಕಿನ್ಸ್‌ಮೆನ್', ಎಂದರೆ ಕುಟುಂಬದವರು. 2008ರಲ್ಲಿ ಬಂದದ್ದು. ತಂಡದ ಹೆಸರು ದಕ್ಷಿಣ ಎನ್ಸೆಂಬಲ್. ಕಟ್ಟಿದವರು ರುದ್ರೇಶ್ ಮಹಾಂತಪ್ಪ ಎಂಬ ಸ್ಯಾಕ್ಸೋಫೋನ್ ವಾದಕ. ತಂದೆತಾಯಿ ಕರ್ನಾಟಕದವರು, ಮಗ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋದಲ್ಲಿ ಬೆಳೆದು, ಜಾಝ್ ಕಲಿತವರು. ಓದುವ ಕಾಲದಲ್ಲಿ ಅವರ ಸಹೋದರ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಉಡುಗೊರೆ ಕೊಟ್ಟರಂತೆ. ಅದು ಗೋಪಾಲನಾಥರದ್ದು! ಆ ತಮಾಷೆಯೇ ಬೆಳೆದು, ಕೊನೆಗೆ ಇಬ್ಬರೂ ಒಂದೇ ವೇದಿಕೆಯ ಮೇಲೆ ಕುಳಿತರು.

ಒಂದು ಭಾನುವಾರ ಸಂಜೆ ಸಿ.ಡಿ. ಪ್ಲೇಯರನ್ನು ಚೀಲದಲ್ಲಿ ಹಾಕಿಕೊಂಡು ಮಾವನ ಮನೆಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಸರಿಯಾದ ಉತ್ತರ ಇಲ್ಲ. ಅವರು ನಾಗಸ್ವರವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ ಆಗಲೇ ನಾಲ್ಕು ವರ್ಷವಾಗಿತ್ತು.

"ಜಾಝ್ ಅಂದ್ರೆ ಎಂತ?" ಎಂದರು ಮಾವ.

ನನಗೆ ತಿಳಿದಷ್ಟನ್ನು ತಾಳಮದ್ದಳೆಯ ಲೆಕ್ಕದಲ್ಲಿ ಹೇಳಿದೆ. ಭಾಗವತರು ಪದ ಹೇಳುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಪದ. ಆಮೇಲೆ ಅರ್ಥಧಾರಿ ತನ್ನ ಮಾತು ಕಟ್ಟಬೇಕು. ಬರೆದುಕೊಂಡು ಬಂದದ್ದಲ್ಲ, ಅಲ್ಲಿಯೇ ಹುಟ್ಟಬೇಕು. ಎದುರಿನವನ ಮಾತು ಕೇಳಿಯೇ ಉತ್ತರ ಕೊಡಬೇಕು. ಜಾಝ್‌ನಲ್ಲಿಯೂ ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರ ಅರ್ಥಗಾರಿಕೆ. ಅಲ್ಲಿಯೂ ಹೊರಗಿನಿಂದ ಅತಿಥಿ ಕಲಾವಿದರನ್ನು ಕರೆಯುವ ಕ್ರಮ ಉಂಟು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಮಾವನಿಗೆ ಅಷ್ಟು ಸಾಕಾಯಿತು. "ಹಾಗಾದರೆ ಕೇಳುವ" ಎಂದರು.

ಏಳು ಮಂದಿಯ ಕೂಟ ಅದು. ಗೋಪಾಲನಾಥರ ಜೊತೆ ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ. ಆಚೆ ರುದ್ರೇಶರ ಜೊತೆ ಗಿಟಾರು, ದೊಡ್ಡ ಬಾಸು, ಡ್ರಮ್ಮು. ಗಿಟಾರಿನ ರೆಝ್ ಅಬ್ಬಾಸಿ ಕರಾಚಿಯಲ್ಲಿ ಹುಟ್ಟಿದವರು ಎಂದು ಹೇಳಿದಾಗ ಮಾವ ನಕ್ಕರು: "ಗಡಿ ತಕರಾರು ನಮಗೊಬ್ಬರಿಗೇ ಅಲ್ಲ."

ಕೇಳುತ್ತಾ ಹೋದಂತೆ ನನಗೆ ಒಂದು ಅಂಶ ಹೊಳೆಯಿತು. ಜಾಝ್‌ನವರಿಗೆ ಹಲವು ಸ್ವರ ಕೂಡಿದ ಕಟ್ಟುಗಳು ಒಂದರ ಮೇಲೊಂದು ಬದಲಾಗುತ್ತಿರಬೇಕು. ಅದರ ಮೇಲೆ ಅವರ ಸವಾರಿ. ನಮ್ಮವರಿಗೆ ಕಾಲ ಕೆಳಗೆ ಒಂದೇ ಶ್ರುತಿ ಅಲುಗಾಡದೆ ನಿಂತಿರಬೇಕು. ಯಾರಾದರೂ ಒಬ್ಬರು ಬಿಟ್ಟುಕೊಡಲೇಬೇಕು. ಗೋಪಾಲನಾಥರು ಬಾಯಿಗೆ ತೆಗೆದುಕೊಂಡಾಗ ಗಿಟಾರು, ಬಾಸು ತಮ್ಮ ಕಟ್ಟುಗಳನ್ನು ಸಡಿಲಿಸಿ ತಂಬೂರಿಯ ಹಾಗೆ ಹಿಂದೆ ನಿಲ್ಲುತ್ತಿದ್ದವು. ಆದರೆ ರುದ್ರೇಶರು ಅವರ ಗಮಕವನ್ನು ಅಣಕು ಮಾಡಲು ಹೋಗಲಿಲ್ಲ. ತಮ್ಮ ಸರದಿ ಬಂದಾಗ ತಮ್ಮದೇ ಗಡುಸು ದನಿಯಲ್ಲಿ, ತಮ್ಮದೇ ಅವಸರದಲ್ಲಿ ಮಾತಾಡಿದರು. ನಾನು ಮನೆಯಲ್ಲಿ ತುಳು, ಬರೆಯುವಾಗ ಕನ್ನಡ, ಕೌಂಟರಿನಲ್ಲಿ ಕುಳಿತರೆ ಮಲಯಾಳ. ನನ್ನ ಮಲಯಾಳದಲ್ಲಿ ಕುಂಬಳೆಯ ರಾಗ ಉಂಟೆಂದು ಕಾಞಂಗಾಡಿನ ಸಹೋದ್ಯೋಗಿಗಳು ಇಪ್ಪತ್ತು ವರ್ಷದಿಂದ ನಗುತ್ತಾರೆ. ನಾನು ಅದನ್ನು ತಿದ್ದಿಕೊಳ್ಳಲು ಪಟ್ಟ ಪಾಡು ನೆನಪಾಯಿತು.

ಮಾವ ಮಧ್ಯದಲ್ಲಿ ಬೆರಳೆತ್ತಿದರು. "ಇದು ನಾಗಸ್ವರದ ಬಾಯಿ. ಪಿತ್ತಾಳೆಯೊಳಗೆ ಕುಳಿತು ಅಪ್ಪನದ್ದನ್ನೇ ಊದುವುದು." ಸ್ವಲ್ಪ ಕಳೆದು, "ಆ ಅಮೆರಿಕದವ ಕಾಯುತ್ತಾನೆ. ಹಿರಿಯರು ಉಸಿರು ಮುಗಿಸುವವರೆಗೆ ಕಾಯುತ್ತಾನೆ. ಗೊತ್ತುಂಟು ಅವನಿಗೆ."

ನಾನು 1980ರ ಮುಂಬಯಿಯ ಕಥೆ ಹೇಳಿದೆ. ಅಲ್ಲಿನ ಜಾಝ್ ಉತ್ಸವದಲ್ಲಿ ಗೋಪಾಲನಾಥರು ನುಡಿಸುವುದನ್ನು ಕೇಳಿ, ಕ್ಯಾಲಿಫೋರ್ನಿಯಾದ ಹೆಸರಾಂತ ವಾದಕ ಜಾನ್ ಹ್ಯಾಂಡಿ, ನಾನೂ ನಿಮ್ಮ ಜೊತೆ ವೇದಿಕೆಗೆ ಬರಲೇ ಎಂದು ಕೇಳಿದರಂತೆ. ಅದುವರೆಗೆ ಜಾಝ್‌ನವರ ಮನೆಯಲ್ಲಿ ನೆಂಟರಾಗಿದ್ದವರು ನಮ್ಮವರು. ಆ ಗಳಿಗೆಯಲ್ಲಿ ನೆಂಟ ಯಾರು, ಮನೆಯವ ಯಾರು? ಮಾವ "ಕೇಳಿದ ಅಲ್ಲವಾ?" ಎಂದರು. "ಕೇಳಿ ಹತ್ತಿದ್ದು, ಅದು ಕ್ರಮ." ಆ ಮಾತು ನನಗೆ ತಾಗಿತು. ಅವರು ತಾಗಲೆಂದು ಹೇಳಿದರೋ ಇಲ್ಲವೋ.

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಕೇಳಿದಾಗ ಮೊದಲು ಮಾವನಿಗೆ ತಿಳಿಸಬೇಕು ಎನ್ನಿಸಿತು. ಮಾವ ಹೋಗಿ ಆಗಲೇ ಐದು ವರ್ಷವಾಗಿತ್ತು.

ಆ ಸಂಜೆ 'ಕಲ್ಯಾಣಿ' ಎಂದು ಹೆಸರಿದ್ದ ತುಂಡು ಶುರುವಾಯಿತು. ಮಾವ ಕಣ್ಣು ಮುಚ್ಚಿದರು, ಮದುವೆಯ ದಿನ ಮುಚ್ಚಿದ ಹಾಗೆಯೇ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ನಾನು ದೀಪ ಹಚ್ಚಲು ಎದ್ದೆ.

"ಕೂರು, ಬರ್ತದೆ" ಎಂದರು ಕತ್ತಲೆಯಲ್ಲಿ. ಹೊರಗೆ ಕಪ್ಪೆಗಳ ಸದ್ದು. "ನಿನ್ನ ಅಕ್ಕನ ಮದುವೆಗೆ ಬಂದಿದ್ದ ಹುಡುಗ ಉಂಟಲ್ಲ, ಅವನಿಗೆ ಪ್ರತಿಮಧ್ಯಮ ಒಂದು ಕೂದಲೆಳೆ ತಗ್ಗು ಬೀಳುತ್ತಿತ್ತು. ಉಸಿರು ಮಾತ್ರ ಲಾಯ್ಕ್ ಇತ್ತು. ಮುಗಿದ ಮೇಲೆ ಹತ್ತಿರ ಹೋಗಿ ಹೇಳಿಕೊಡಬೇಕು ಅಂತ ಇದ್ದೆ. ನೀನು ಊಟಕ್ಕೆ ಎಳೆದುಕೊಂಡು ಹೋದೆ."

"ನಿಮಗೆ ಬೇಸರ ಆಗಿದೆ ಅಂತ ಎಣಿಸಿದ್ದೆ, ಮಾವ."

"ಬೇಸರ ಆಗಿತ್ತು" ಎಂದರು. "ಅದು ಬೇರೆ."

ಕರೆಂಟು ಬಂದಾಗ ಗಂಟೆ ಎಂಟಾಗಿತ್ತು. "ಮೊದಲಿನಿಂದ ಹಾಕು" ಎಂದರು.