ಮುಂಬಯಿಯ ಮಬ್ಬು: ಮಂಜೋ, ಹೊಗೆಯೋ?



ಮುಂಬಯಿಯ ಹವೆ ಎಂದೊಡನೆ ನಿಮಗೆ ನೆನಪಾಗುವುದು ಎರಡೇ. ಒಂದು ಮಳೆ, ಇನ್ನೊಂದು ಬೆವರು! ಆದರೆ ಈ ಮಹಾನಗರದ ಹವೆಗೆ ಮೂರನೆಯ ಮುಖವೊಂದಿದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಳಗಿನ ಲೋಕಲ್ ಹಿಡಿಯುವವರು ಅದನ್ನು ದಿನವೂ ನೋಡುತ್ತೀರಿ. ವಸಯಿ ಖಾಡಿಯ ಸೇತುವೆ ದಾಟುವಾಗ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯುವುದಿಲ್ಲ. ಮರೀನ್ ಡ್ರೈವ್‌ನಲ್ಲಿ ನಿಂತರೆ ಎದುರಿನ ಮಲಬಾರ್ ಹಿಲ್ ಬಿಳಿ ಪರದೆಯ ಹಿಂದೆ ಅಡಗಿರುತ್ತದೆ. "ಆಹಾ, ಮಡಿಕೇರಿಯ ಹಾಗೇ ಇದೆ!" ಎಂದು ಫೋಟೋ ತೆಗೆಯುವವರೂ ಇದ್ದಾರೆ. ಇದು ನಿಜವಾಗಿ ಮಂಜು ಹೌದೇ? ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ನಿಮ್ಮ ಮನೆಯ ಹಿರಿಯರ ಉಸಿರಾಟದ ಪ್ರಶ್ನೆ ಇದರಲ್ಲಿದೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಬೇರೆ ಮಾತುಗಳಿವೆ. ಹುಲ್ಲಿನ ಮೇಲೆ ಮುತ್ತಿನಂತೆ ಕೂರುವುದು ಇಬ್ಬನಿ. ನಮ್ಮ ಮರಾಠಿ ನೆರೆಯವರು ಅದನ್ನು 'ದವ' ಎನ್ನುತ್ತಾರೆ. ಸೂಕ್ಷ್ಮವಾದ ನೀರಿನ ಹನಿಗಳು ಗಾಳಿಯಲ್ಲಿ ತೇಲುತ್ತ ಕಣ್ಣಿಗೆ ಅಡ್ಡ ಬಂದರೆ ಅದು ಮಂಜು, ಅವರ 'ಧುಕೆ'. ಒಂದು ಕಿಲೋಮೀಟರು ದೂರದ ವಸ್ತುವೂ ಕಾಣದಷ್ಟು ದಟ್ಟವಾದಾಗ ಮಾತ್ರ ಹವಾಮಾನ ಶಾಸ್ತ್ರದಲ್ಲಿ ಅದಕ್ಕೆ ಮಂಜು ಎಂಬ ಹೆಸರು. ಒಣ ಧೂಳು, ಹೊಗೆಯ ಕಣಗಳೇ ತುಂಬಿ ಮಸುಕಾದರೆ ಅದು ಮಬ್ಬು. ನಿಮ್ಮ ಮೊಬೈಲಿನಲ್ಲಿ 'ಹೇಜ್' ಎಂದು ಬರುವುದು ಇದೇ.

"ಇದು ಕಡಲ ತೀರದ ಊರು, ಕಡಲೇ ಮಂಜನ್ನು ಕಳಿಸುತ್ತಿರಬೇಕು" ಎಂದು ನೀವು ಹೇಳಬಹುದು. ಕಡಲ ಮಂಜು ಎಂಬುದು ಉಂಟು. ಆದರೆ ಅದಕ್ಕೆ ತಣ್ಣನೆಯ ನೀರು ಬೇಕು. ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ಬಂಧುಗಳು ನಿಮಗಿದ್ದರೆ ಕೇಳಿ ನೋಡಿ. ಅಲ್ಲಿಯ ತೀರದುದ್ದಕ್ಕೂ ಕಡಲ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಬೆಚ್ಚಗಿನ ತೇವದ ಗಾಳಿ ಅದರ ಮೇಲೆ ಹಾದುಬಂದಾಗ, ಐಸ್ ಹಾಕಿದ ಲೋಟದ ಹೊರಮೈಯಲ್ಲಿ ನೀರು ಮೂಡುವಂತೆ ಹನಿಗಟ್ಟುತ್ತದೆ. ಗೋಲ್ಡನ್ ಗೇಟ್ ಸೇತುವೆಯನ್ನು ಮುಚ್ಚುವುದು ಈ ಮಂಜೇ. ನಮ್ಮ ಅರಬ್ಬೀ ಸಮುದ್ರವೋ, ಜನವರಿಯಲ್ಲೂ ಸುಮಾರು 25 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಆದ್ದರಿಂದ ಅಂಥ ಕಡಲ ಮಂಜು ನಮ್ಮಲ್ಲಿ ಅಪರೂಪ.

ಹಾಗಾದರೆ ಮುಂಬಯಿಯ ಸುತ್ತ ನಿಜವಾದ ಮಂಜೇ ಇಲ್ಲವೇ? ಇದೆ. ಅದನ್ನು ನೋಡಲು ಕಡಲಿಗೆ ಬೆನ್ನು ಹಾಕಿ ಹೋಗಬೇಕು. ಜನವರಿಯ ಒಂದು ಭಾನುವಾರ ನಸುಕಿನ ಕರ್ಜತ್ ಲೋಕಲ್ ಹತ್ತಿ. ಕಲ್ಯಾಣ್ ದಾಟಿ ಬದಲಾಪುರ, ನೇರಳ್ ಕಡೆಗೆ ಸಾಗಿದಂತೆ ಉಲ್ಹಾಸ್ ನದಿಯ ಬಯಲು ಸಿಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನದಿ, ಹೊಲಗಳ ತೇವ ಅಲ್ಲಿಯೇ ಹನಿಗಟ್ಟುತ್ತದೆ. ಮಂಜು ದಟ್ಟವಾದ ದಿನ ಮೋಟರ್‌ಮನ್ ಗಾಡಿಯನ್ನು ನಿಧಾನವಾಗಿ ಓಡಿಸಬೇಕಾಗುತ್ತದೆ, ಲೋಕಲ್‌ಗಳು ತಡವಾಗುತ್ತವೆ. ಬಾಗಿಲ ಬಳಿ ನಿಂತವರ ಕನ್ನಡಕ ಒದ್ದೆಯಾದರೆ ಅದು ಮಂಜು ಎಂದು ತಿಳಿಯಿರಿ. ಬಿಸಿಲೇರಿದಂತೆ ಅದು ಕರಗಿಹೋಗುತ್ತದೆ.

ನಗರದೊಳಗಿನ ಮಬ್ಬಿನ ಕಥೆಯೇ ಬೇರೆ. ಅದು ಕನ್ನಡಕವನ್ನು ಒದ್ದೆ ಮಾಡುವುದಿಲ್ಲ, ಗಂಟಲನ್ನು ಕೆರೆಯುತ್ತದೆ. ನನ್ನಂಥ ಗೃಹಿಣಿಯರಿಗೆ ಯಾವ ಯಂತ್ರವೂ ಬೇಕಿಲ್ಲ. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಸಂಜೆಗೆ ಮತ್ತೆ ಕಪ್ಪಾಗಿರುತ್ತದೆ. ವಾಹನಗಳ ಹೊಗೆ, ಕಾರ್ಖಾನೆಗಳ ಹೊಗೆ, ರಸ್ತೆಯ ಧೂಳು, ಕಟ್ಟಡ ಕೆಲಸಗಳ ಧೂಳು, ಸುಡುವ ಕಸ – ಇವು ವರ್ಷವಿಡೀ ಇರುವಂಥವೇ. ಚಳಿಗಾಲದಲ್ಲಿ ಮಾತ್ರ ಏಕೆ ಇಷ್ಟು ಕಾಣುತ್ತವೆ? ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಕೂರುತ್ತದೆ. ಕುದಿಯುವ ಸಾರಿಗೆ ತಟ್ಟೆ ಮುಚ್ಚಿದರೆ ಹಬೆ ಒಳಗೇ ಉಳಿಯುತ್ತದಲ್ಲವೇ? ಅದೇ ರೀತಿ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಲಂಡನ್ನಿನ ಮಂಜನ್ನು ಕಾದಂಬರಿಗಳಲ್ಲಿ ಓದಿ ಮರುಳಾಗಿದ್ದವರಲ್ಲಿ ನಾನೂ ಒಬ್ಬಳು. ಅದರಲ್ಲಿ ಕಲ್ಲಿದ್ದಲ ಹೊಗೆ ಎಷ್ಟಿತ್ತೆಂದರೆ, 1905ರಲ್ಲಿ ಡಾ. ಡೆವೂ ಎಂಬ ವೈದ್ಯರು ಹೊಗೆ, ಮಂಜು ಎರಡನ್ನೂ ಸೇರಿಸಿ 'ಸ್ಮಾಗ್' ಎಂಬ ಮಾತನ್ನು ಬಳಕೆಗೆ ತಂದರು. 1952ರ ಡಿಸೆಂಬರಿನಲ್ಲಿ ಐದು ದಿನ ಕವಿದ ಇಂಥ ಹೊಗೆಮಂಜಿಗೆ ಆ ನಗರದಲ್ಲಿ ಕನಿಷ್ಠ 4,000 ಜನ ಬಲಿಯಾದರು. ಆ ಬಳಿಕ 1956ರಲ್ಲಿ ಅಲ್ಲಿ ಶುದ್ಧ ಗಾಳಿಗಾಗಿ ಕಾನೂನೇ ಬಂತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ನಸುಕಿನ ಗಾಳಿ ಅಮೃತ" ಎಂಬ ನಂಬಿಕೆಯನ್ನು ನಿಮ್ಮ ಅಜ್ಜ, ಅಜ್ಜಿಯರು ಊರಿನಿಂದಲೇ ತಂದಿದ್ದಾರೆ. ಊರಿನ ತೋಟದಲ್ಲಿ, ಗದ್ದೆಯ ಬದುವಿನಲ್ಲಿ ಅದು ಸರಿಯೇ. ಮುಂಬಯಿಯ ಚಳಿಗಾಲಕ್ಕೆ ಅದು ಹೊಂದುವುದಿಲ್ಲ. ಇಲ್ಲಿ ನಸುಕಿನ ಗಾಳಿ ಎಂದರೆ ಮುಚ್ಚಳದ ಕೆಳಗಿನ ಗಾಳಿ! ಉಬ್ಬಸವಿದ್ದ ನಮ್ಮ ಅತ್ತೆಯವರು ಐದೂವರೆಗೆ ಎದ್ದು ವಾಕಿಂಗ್ ಹೊರಡುತ್ತಿದ್ದರು. ಹಿಂತಿರುಗಿದಾಗ ಎದೆಯಲ್ಲಿ ಸುಯ್ ಸುಯ್ ಎನ್ನುವ ಸದ್ದು. ವೈದ್ಯರ ಸಲಹೆಯಂತೆ ವಾಕಿಂಗನ್ನು ಸಂಜೆ ನಾಲ್ಕಕ್ಕೆ ಬದಲಾಯಿಸಿದೆವು. ಉಬ್ಬಸ ಹೋಗಲಿಲ್ಲ, ಆದರೆ ರಾತ್ರಿ ಎದ್ದು ಕೂರುವುದು ಕಡಿಮೆಯಾಯಿತು.

ನಾಲ್ಕು ಗಂಟೆಯೇ ಏಕೆ? ಚಳಿಗಾಲದ ರಾತ್ರಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಬಿಸಿಲಿಗೆ ನೆಲ ಕಾದ ಮೇಲೆ ಮುಚ್ಚಳ ಸಡಿಲವಾಗಿ, ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗುತ್ತದೆ. ಕಡಲ ಕಡೆಯಿಂದ ಬರುವ ಆ ಗಾಳಿಯೇ ನಗರವನ್ನು ಗುಡಿಸುವ ಪೊರಕೆ! ಅದು ಬಂದಿತೇ ಎಂದು ತಿಳಿಯಲು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಯಾವ ಕಡೆಗೆ ಹಾರುತ್ತದೆ ನೋಡಿ. ಕೆಲವು ದಿನ ಪೂರ್ವದ ಗಾಳಿ ಜೋರಾಗಿ ಕಡಲ ಗಾಳಿ ತಡವಾಗುತ್ತದೆ. ಮಾರ್ಚ್ ತಿಂಗಳಲ್ಲಿ ಹಾಗಾದರೆ ಸೆಕೆ ವಿಪರೀತ. ಸಾಂತಾಕ್ರೂಜ್‌ನಲ್ಲಿ 1956ರ ಮಾರ್ಚ್ 28ರಂದು 41.7 ಡಿಗ್ರಿ ದಾಖಲಾಗಿತ್ತು.

ಇನ್ನೊಂದು ಮಾತು. ಹವಾಮಾನದ ಅಂಕಿಯನ್ನು ಓದುವಾಗ ಅದು ಎಲ್ಲಿಯದು ಎಂದು ನೋಡಿ. ಮುಂಬಯಿಗೆ ಎರಡು ಮುಖ್ಯ ವೀಕ್ಷಣಾಲಯಗಳಿವೆ. ಕೊಲಾಬಾದ್ದು 1826ರಷ್ಟು ಹಳೆಯದು; ಇನ್ನೊಂದು ಸಾಂತಾಕ್ರೂಜ್‌ನಲ್ಲಿದೆ. ಇವೆರಡರ ನಡುವೆ 30 ಕಿ.ಮೀ. ದೂರವೂ ಇಲ್ಲ. ಆದರೂ 2005ರ ಜುಲೈ 26ರ ಆ ಮಹಾಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದರೆ ಕೊಲಾಬಾದಲ್ಲಿ ಸುಮಾರು 73 ಮಿ.ಮೀ. ಮಾತ್ರ! ಗಾಳಿಯ ವಿಷಯದಲ್ಲೂ ಹಾಗೆಯೇ. ಕಡಲ ದಂಡೆಯ ಅಂಕಿ ಚೆಂಬೂರು, ಡೊಂಬಿವಲಿಗಳಿಗೆ ಹೊಂದುವುದಿಲ್ಲ. ನಮ್ಮ ದೇಶದ ಗಾಳಿ ಗುಣಮಟ್ಟದ ಸೂಚ್ಯಂಕದಲ್ಲಿ 100ರವರೆಗೆ ಚಿಂತೆಯಿಲ್ಲ. 200 ದಾಟಿದರೆ ಹಿರಿಯರನ್ನೂ ಮಕ್ಕಳನ್ನೂ ಬೆಳಿಗ್ಗೆ ಹೊರಗೆ ಕಳಿಸಬೇಡಿ.

ನಿಮ್ಮಿಂದ ಆಗಬೇಕಾದ ಕೆಲಸವೂ ಇದೆ. ಮೊಬೈಲು ನಿಮ್ಮ ಕೈಯಲ್ಲಿದೆ, ಅಜ್ಜನ ಕೈಯಲ್ಲಿಲ್ಲ. ರಾತ್ರಿ ಮಲಗುವ ಮುನ್ನ ನಿಮ್ಮ ಉಪನಗರದ ಅಂಕಿ ನೋಡಿ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ. ಸೊಸೈಟಿಯ ಅಂಗಳದಲ್ಲಿ ಒಣಗಿದ ಎಲೆಗೆ ಬೆಂಕಿ ಹಚ್ಚಿದರೆ ತಡೆಯಿರಿ. 2023ರ ಅಕ್ಟೋಬರಿನಲ್ಲಿ ಮಹಾನಗರಪಾಲಿಕೆ ಹೊರಡಿಸಿದ ನಿಯಮಗಳು ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿವೆ. ಕಟ್ಟಡದ ಕೆಲಸ ನಡೆಯುವಲ್ಲಿ ತಗಡಿನ ಮರೆ ಕಟ್ಟಿ ನೀರು ಚಿಮುಕಿಸಬೇಕೆಂದೂ ಹೇಳಿವೆ. ಹಾಗೆ ಮಾಡದಿದ್ದಲ್ಲಿ ದೂರು ಕೊಡಲು ಹಿಂಜರಿಯಬೇಡಿ.

ಸಂಜೆ ಕಡಲ ಗಾಳಿ ಬೀಸತೊಡಗಿದಾಗ ಅಜ್ಜ, ಅಜ್ಜಿಯರ ಕೈ ಹಿಡಿದು ಒಂದು ಸುತ್ತು ಕರೆದುಕೊಂಡು ಹೋಗಿ. ಅವರ ಊರಿನ ಮಂಜಿನ ಕಥೆ ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.